ವೆನಿಸ್‌ಗೆ ಹೊರಡುವ ಮುನ್ನ

ಕೇಳುಗರಿಗೆ ನಮಸ್ಕಾರ. ಇಟಲಿಯ ವೆನಿಸ್ ನಗರವನ್ನು ನೋಡಿಬರಬೇಕೆಂದುಕೊಂಡವರು ಪ್ರವಾಸವನ್ನು ಹೇಗೆ ಹವಣಿಸಿಕೊಳ್ಳಬೇಕೆಂಬುದು ಇಂದಿನ ನನ್ನ ಮಾತಿನ ವಿಷಯ. ನೋಡಬೇಕಾದ ಸ್ಥಳಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅಲ್ಲಿ ಏನನ್ನು ನೋಡುತ್ತೇವೆ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ನೋಡುತ್ತೇವೆ ಎಂಬುದೇ ಹೆಚ್ಚು ಮುಖ್ಯವೆಂದು ನನಗೆ ಅನ್ನಿಸುತ್ತದೆ.

ಹೀಗಾಗಿ ಮೊದಲು ತೀರ್ಮಾನಿಸಬೇಕಾದದ್ದು ತಂಗುವ ಜಾಗವನ್ನು. ಗುಂಪು ಪ್ರವಾಸದವರು ಸಾಮಾನ್ಯವಾಗಿ ದಡದಾಚೆಯ ಮೆಸ್ತ್ರೆಯಂಥ ಊರುಗಳಲ್ಲಿ ತಂಗಿಸಿ, ಬೆಳಗಿನ ತಿಂಡಿ ಮುಗಿದ ಮೇಲೆ ಕರೆತಂದು, ಸಂಜೆಯೊಳಗೆ ಹಿಂದಕ್ಕೆ ಕರೆದೊಯ್ಯುತ್ತಾರೆ. ಉಳಿದ ಸಾವಿರಾರು ಮಂದಿಯೂ ಅದೇ ಹೊತ್ತಿಗೆ ಬಂದಿಳಿಯುವುದರಿಂದ, ಐವತ್ತು ಸಾವಿರಕ್ಕಿಂತ ಕಡಿಮೆ ಜನ ವಾಸವಾಗಿರುವ ಆ ಹಳೆಯ ನಗರದ ಓಣಿಗಳಲ್ಲಿ ಹೆಜ್ಜೆಯಿಡಲು ಜಾಗವಿರುವುದಿಲ್ಲ. ಈ ದಟ್ಟಣೆಯನ್ನು ಕಂಡೇ ನಗರಾಡಳಿತವು 2024ರ ಏಪ್ರಿಲ್ 25ರಿಂದ, ಗೊತ್ತುಪಡಿಸಿದ ದಿನಗಳಲ್ಲಿ ಹಗಲಿಗೆ ಮಾತ್ರ ಬಂದುಹೋಗುವವರ ಮೇಲೆ 5 ಯೂರೋ ಪ್ರವೇಶ ಶುಲ್ಕವನ್ನು ಹಾಕಿತು. ಮರುವರ್ಷ ಕೊನೆಯ ಗಳಿಗೆಯಲ್ಲಿ ಕಟ್ಟುವವರಿಗೆ ಅದನ್ನು 10 ಯೂರೋಗೆ ಏರಿಸಿತು. ನಗರದ ಹೋಟೆಲಿನಲ್ಲಿ ತಂಗುವವರಿಗೆ ಈ ಶುಲ್ಕವಿಲ್ಲ. ಅವರು ತಂಗುವ ರಾತ್ರಿಗಳ ಲೆಕ್ಕದಲ್ಲಿ ಬೇರೆ ತೆರಿಗೆಯನ್ನು ಕಟ್ಟುತ್ತಾರೆ. ಶುಲ್ಕದ ದಿನಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆಯಾದ್ದರಿಂದ ಟಿಕೆಟ್ ಕೊಳ್ಳುವ ಮೊದಲು ವಿಚಾರಿಸಿಕೊಳ್ಳಬೇಕು.

ಖರ್ಚು ಹೆಚ್ಚಾದರೂ ಎರಡು ರಾತ್ರಿ ನಗರದೊಳಗೇ, ಕನ್ನರೇಜೋ ಅಥವಾ ಕಸ್ತೆಲ್ಲೋ ಭಾಗದಲ್ಲಿ, ಉಳಿಯುವುದು ಲೇಸು. ಹಾಗೆ ಅಲ್ಲಿಯೇ ತಂಗಿದವರಿಗೆ ಮಾತ್ರ, ನಗರದ ಮುಖ್ಯ ಚೌಕವಾದ ಸಂತ ಮಾರ್ಕನ ಚೌಕ ಬೆಳಗಿನ ಏಳು ಗಂಟೆಗೆ ದಕ್ಕುತ್ತದೆ. ಅಲ್ಲಿ ನಿಂತು ನೋಡುವಾಗ, ಸುಮಾರು 98 ಮೀಟರ್ ಎತ್ತರದ ಗಂಟೆಗೋಪುರವು 1902ರಲ್ಲಿ ಕುಸಿದುಬಿದ್ದು, 1912ರ ವೇಳೆಗೆ ಮೊದಲಿದ್ದಂತೆಯೇ ಮತ್ತೆ ಕಟ್ಟಿದ್ದೆಂಬುದನ್ನು ನಂಬುವುದು ಕಷ್ಟವಾಗುತ್ತದೆ. ಚೌಕದಲ್ಲಿರುವ ಸಂತ ಮಾರ್ಕನ ಚರ್ಚಿನೊಳಕ್ಕೆ ಹೋಗಲು ಸಮಯ ನಿಗದಿಯಾದ ಟಿಕೆಟನ್ನು ಮುಂಚಿತವಾಗಿ ತೆಗೆದಿರಿಸಿಕೊಂಡು, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ತೊಟ್ಟು ಹೋಗಬೇಕು.

ಇನ್ನು ಸಾಮಾನಿನ ವಿಚಾರ. ಹಿನ್ನೀರಿನ ನಡುವಿನ ಈ ನಗರಕ್ಕೆ 1846ರಲ್ಲಿ ರೈಲಿನ ಸೇತುವೆ, 1933ರಲ್ಲಿ ರಸ್ತೆಯ ಸೇತುವೆ ಬಂದವಾದರೂ, ಬಸ್ಸುಕಾರುಗಳ ಓಡಾಟ ಪಿಯಾಟ್ಸಾಲೆ ರೋಮಾ ಎಂಬ ಚೌಕದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಸೈಕಲ್ಲಿಗೂ ಅವಕಾಶವಿಲ್ಲ. ನಾನೂರಕ್ಕೂ ಹೆಚ್ಚಿರುವ ಕಾಲುವೆ ಸೇತುವೆಗಳಲ್ಲಿ ಬಹುಪಾಲಿನವಕ್ಕೆ ಮೆಟ್ಟಿಲುಗಳಿರುವುದರಿಂದ, ತಮ್ಮ ಕೈಯಲ್ಲಿ ಎತ್ತಲಾಗುವಷ್ಟೇ ಭಾರವನ್ನು ಒಬ್ಬೊಬ್ಬರೂ ಒಯ್ಯಬೇಕು. ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು, ದೋಣಿಯ ನಿಲ್ದಾಣಕ್ಕೂ ಹೋಟೆಲಿಗೂ ನಡುವೆ ಒಂದೂ ಸೇತುವೆಯಿಲ್ಲದ ಜಾಗವನ್ನೇ ಹುಡುಕಬೇಕು. ಮನೆಗಳಿಗೆ ಬೀದಿಯ ಲೆಕ್ಕದಲ್ಲಲ್ಲದೆ ಇಡೀ ಬಡಾವಣೆಯ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿರುವ ಊರು ಇದು. ಬರೀ ವಿಳಾಸವನ್ನು ನಂಬದೆ, ಹತ್ತಿರದ ಚರ್ಚಿನ ಹೆಸರನ್ನೂ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಬಸ್ಸಿನಂತೆ ಓಡಾಡುವ ದೋಣಿಗೆ ಅಲ್ಲಿ ವಾಪೊರೆತ್ತೊ ಎನ್ನುತ್ತಾರೆ. ಒಂದೇ ಸಲದ ಟಿಕೆಟ್ ದುಬಾರಿ, ದಿನಗಳ ಲೆಕ್ಕದ ಪಾಸೇ ಅಗ್ಗ. ಒಂದನೆಯ ಸಂಖ್ಯೆಯ ದೋಣಿ, ಸುಮಾರು 3.8 ಕಿಲೋಮೀಟರ್ ಉದ್ದದ ದೊಡ್ಡ ಕಾಲುವೆಯಲ್ಲಿ ನಿಧಾನವಾಗಿ ಸಾಗುವುದರಿಂದ, ಎರಡೂ ದಡಗಳ ಅರಮನೆಗಳನ್ನು ನೋಡಲು ಅದಕ್ಕಿಂತ ಅನುಕೂಲವಾದದ್ದಿಲ್ಲ. ಗೊಂಡೋಲಾ ಎಂಬ ಹುಟ್ಟುದೋಣಿಯ ಅಧಿಕೃತ ದರ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ, ರಾತ್ರಿಯ ಸುತ್ತಿಗೆ 110. ಅದು ದೋಣಿಗೇ ಹೊರತು ತಲೆಗಲ್ಲ ಎಂಬುದು ನೆನಪಿರಲಿ. ಅಷ್ಟು ತೆರಲು ಮನಸ್ಸಿಲ್ಲದವರು ಕಾಲುವೆ ದಾಟಿಸುವ ತ್ರಾಗೆತ್ತೊ ಎಂಬ ಕಡವಿನ ದೋಣಿಯನ್ನು ಕೆಲವೇ ಯೂರೋ ಕೊಟ್ಟು ಹತ್ತಬಹುದು.

ಆ ದೊಡ್ಡ ಕಾಲುವೆಯ ನಡುಭಾಗದಲ್ಲಿ, 1591ರಲ್ಲಿ ಪೂರ್ತಿಯಾದ ರಿಯಾಲ್ತೊ ಸೇತುವೆಯಿದೆ. ಕನ್ನಡಿಗರು ಅಲ್ಲಿ ತುಸು ಹೊತ್ತು ನಿಲ್ಲಬೇಕು. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಅಲೆಕ್ಸಾಂಡ್ರಿಯಾದ ಮೂಲಕ ಬಂದು ಮಾರಾಟವಾಗುತ್ತಿದ್ದ ಪೇಟೆ ಇದು. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ ನಿಕೊಲೊ ಕಾಂಟಿಯೂ, ತಾಳಿಕೋಟೆಯ ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ಅದೇ ನಗರವನ್ನು ಪಾಳುಬಿದ್ದ ಸ್ಥಿತಿಯಲ್ಲಿ ಕಂಡ ಸೀಸರ್ ಫ್ರೆಡೆರಿಕ್‌ನೂ ವೆನಿಸ್ಸಿನ ವರ್ತಕರು. ಸೇತುವೆಯ ಪಕ್ಕದ ಮೀನು ಮಾರುಕಟ್ಟೆ ಭಾನುವಾರ ಮತ್ತು ಸೋಮವಾರ ಮುಚ್ಚಿರುತ್ತದೆ.

ಋತುವಿನ ಮಾತಿಗೆ ಬಂದರೆ, ಶರತ್ಕಾಲದ ಕೊನೆ ಮತ್ತು ಚಳಿಗಾಲದಲ್ಲಿ ಸಮುದ್ರದ ಉಬ್ಬರ ಏರಿ ನಗರದೊಳಕ್ಕೆ ನೀರು ನುಗ್ಗುವುದುಂಟು. 1966ರ ನವೆಂಬರ್ 4ರಂದು ಅದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಮಟ್ಟಕ್ಕೆ ಏರಿತ್ತು. 2020ರ ಅಕ್ಟೋಬರಿನಿಂದ, ಹಿನ್ನೀರಿನ ಮೂರು ಅಳಿವೆಗಳಲ್ಲಿ ಹೂಡಿರುವ 78 ಉಕ್ಕಿನ ಬಾಗಿಲುಗಳು ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಆದರೆ ಬಾಗಿಲುಗಳನ್ನು ಎತ್ತುವಷ್ಟು ನೀರು ಏರದ ದಿನವೂ ತಗ್ಗಿನಲ್ಲಿರುವ ಸಂತ ಮಾರ್ಕನ ಚೌಕದಲ್ಲಿ ಪಾದ ಮುಳುಗಬಹುದು. ಬೇಸಗೆಯಲ್ಲಿ ಸೆಕೆ, ಸೊಳ್ಳೆ, ಜನಜಂಗುಳಿ ಮೂರೂ ಇರುತ್ತವೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಮುಖವಾಡಗಳ ಕಾರ್ನಿವಲ್ ಮುಗಿದ ಮೇಲಿನ ಮಾರ್ಚ್ ತಿಂಗಳನ್ನೇ ನಾನು ಸೂಚಿಸುತ್ತೇನೆ.

ಒಂದು ದಿನ ಹೆಚ್ಚಿಗೆ ಸಿಕ್ಕರೆ ದ್ವೀಪಗಳಿಗೆ ಮೀಸಲಿಡಿ. ಬೆಂಕಿಯ ಭಯದಿಂದ 1291ರಲ್ಲಿ ವೆನಿಸ್ಸಿನವರು ತಮ್ಮ ಗಾಜಿನ ಕುಲುಮೆಗಳನ್ನು ಸಾಗಿಸಿದ ಮುರಾನೊ, ಬಣ್ಣಬಣ್ಣದ ಮನೆಗಳ ಬುರಾನೊ ಎಲ್ಲರಿಗೂ ಗೊತ್ತಿರುವಂಥವು. ನನಗೆ ಮೆಚ್ಚು, ಬುರಾನೊದಿಂದ ಇನ್ನೊಂದು ದೋಣಿ ಹಿಡಿದು ತಲುಪುವ ತೊರ್ಚೆಲ್ಲೊ. 639ರಲ್ಲಿ ಸ್ಥಾಪನೆಯಾದ ಅಲ್ಲಿನ ಚರ್ಚಿನ ಪಶ್ಚಿಮದ ಗೋಡೆಯ ತುಂಬ, ಸತ್ತವರ ಕೊನೆಯ ನ್ಯಾಯವಿಚಾರಣೆಯನ್ನು ಸಣ್ಣ ಸಣ್ಣ ಬಣ್ಣದ ಹರಳುಗಳಿಂದ ಚಿತ್ರಿಸಿದ್ದಾರೆ. ಹಿಂದಿರುಗುವ ದೋಣಿಯ ವೇಳೆಯನ್ನು ಇಳಿದ ಕೂಡಲೇ ನಿಲ್ದಾಣದ ಫಲಕದಲ್ಲಿ ನೋಡಿಕೊಂಡು ಚರ್ಚಿನ ಕಡೆಗೆ ನಡೆಯಿರಿ. ನಮಸ್ಕಾರ.