ಎದುರುಮನೆಯವರ ಕೆಂಪು ಗುಲಾಬಿ

ಕೇಳುಗರಿಗೆ ನಮಸ್ಕಾರ.

ನನ್ನ ಮಗಳು ಕೆಲಸದ ಮೇಲೆ ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿದ್ದಾಳೆ. 1976ರಲ್ಲೇ ಊರಿನ ಹೆಸರು ಬದಲಾಗಿದೆ. ಆದರೂ ಅಲ್ಲಿನವರ ಬಾಯಲ್ಲಿ ಅದು ಇನ್ನೂ ಸೈಗಾನ್. ನಾನೂ ಹಾಗೇ ಅನ್ನುತ್ತೇನೆ. 2024ರ ಆಗಸ್ಟ್ ತಿಂಗಳಲ್ಲಿ ಅವಳ ಮನೆಗೆ ಹೋಗಿದ್ದೆ. ಮನೆ ಇರುವುದು ಒಂದು ಸಣ್ಣ ಓಣಿಯಲ್ಲಿ. ಎರಡು ಸ್ಕೂಟರ್ ಎದುರುಬದುರು ಬಂದರೆ ಒಂದು ನಿಲ್ಲಲೇಬೇಕು, ಅಷ್ಟು ಸಣ್ಣದು. ಎದುರುಮನೆ ಯಜಮಾನರಿಗೆ 72 ವರ್ಷ. ಬೆಳಗಾದರೆ ಬಾಗಿಲ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕಾಫಿ ಹಿಡಿದು ಕೂತಿರುತ್ತಾರೆ. ಅವರ ಭಾಷೆ ನನಗೆ ಬರಲ್ಲ, ನನ್ನದು ಅವರಿಗೆ ಬರಲ್ಲ. ಮಗಳು ಮನೆಯಲ್ಲಿದ್ದರೆ ಮಾತು, ಇಲ್ಲದಿದ್ದರೆ ಬರೀ ನಗು.

ಒಂದು ದಿನ ಅವರು ಕೇಳಿದರು, ‘ಭಾನುವಾರ ವೂ ಲಾನ್ ಹಬ್ಬ, ನಮ್ಮ ಜೊತೆ ಚುವಾಗೆ ಬರ್ತೀರಾ?’ ಚುವಾ ಅಂದರೆ ಬೌದ್ಧರ ಗುಡಿ. ಹೊರಗಿನವರು ಅದನ್ನೇ ಪಗೋಡಾ ಅನ್ನುವುದು. ಪಗೋಡಾ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಮಹಡಿ ಮೇಲೆ ಮಹಡಿಯ ಗೋಪುರ, ಅಲ್ವಾ? ಇವರಲ್ಲಿ ಗೋಪುರ ಇಲ್ಲದಿದ್ದರೂ ಅದು ಪಗೋಡಾನೇ. ನಾವು ಹೋದದ್ದು ಓಣಿಯಿಂದ ನಡೆದೇ ಹೋಗಬಹುದಾದ ಒಂದು ಸಾಧಾರಣ ಗುಡಿಗೆ.

ವೂ ಲಾನ್ ಬರುವುದು ಅವರ ಚಾಂದ್ರಮಾನದ 7ನೇ ತಿಂಗಳ 15ಕ್ಕೆ. ಹುಣ್ಣಿಮೆ. ಆ ವರ್ಷ ಅದು ಆಗಸ್ಟ್ 18. ಮಾರನೇ ದಿನ ನಮ್ಮಲ್ಲಿ ನೂಲುಹುಣ್ಣಿಮೆ.

ಗುಡಿಯ ಅಂಗಳದ ತುಂಬ ಸ್ಕೂಟರು. ಮೆಟ್ಟಿಲ ಹತ್ತಿರ ಚಪ್ಪಲಿ ರಾಶಿ. ಊದುಬತ್ತಿಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಬೂದುಬಣ್ಣದ ಉದ್ದ ನಿಲುವಂಗಿ ಹಾಕಿಕೊಂಡ ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬರಿಗೊಬ್ಬರು ಸಿಕ್ಕಾಗ ಕೈಮುಗಿದು ‘ನಾಮ್ ಮೋ ಆ ಯಿ ದಾ ಫತ್’ ಅನ್ನುತ್ತಿದ್ದರು. ಎರಡು ಸಲ ಕೇಳಿದ ಮೇಲೆ ನನಗೆ ಹೊಳೆಯಿತು. ನಾಮ್ ಮೋ ಅಂದರೆ ನಮ್ಮದೇ ‘ನಮೋ’. ಆ ಯಿ ದಾ ಅಂದರೆ ಅಮಿತಾಭ. ಫತ್ ಅಂದರೆ ಬುದ್ಧ. ಚೀನಾವನ್ನೆಲ್ಲ ಸುತ್ತಿ ಬಂದು ನಮ್ಮ ಮಾತೇ ಗುರುತು ಸಿಗದ ಹಾಗೆ ಆಗಿತ್ತು.

ಬಾಗಿಲ ಪಕ್ಕ ಒಂದು ಮೇಜು. ತೀರಿಹೋದವರ ಹೆಸರು ಬರೆಸಿದರೆ ಸನ್ಯಾಸಿಗಳು ಮಂತ್ರದ ನಡುವೆ ಅದನ್ನು ಓದುತ್ತಾರೆ. ‘ನೀವೂ ಬರೆಸಿ’ ಅಂತ ಎದುರುಮನೆಯವರು ನನ್ನನ್ನು ಮುಂದೆ ತಳ್ಳಿದರು. ಮಗಳು ನನ್ನ ಅಮ್ಮನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಳು. ವಿಯೆಟ್ನಾಮಿನವರದ್ದೂ ಅದೇ ಲಿಪಿ, ಮೇಲೆ ಕೆಳಗೆ ಕೊಂಬು ಚುಕ್ಕಿ ಜಾಸ್ತಿ ಅಷ್ಟೆ. ವಯಸ್ಸು ಹೇಳಿದೆವು. ಆಮೇಲೆ, ತೀರಿಹೋದ ದಿನ? ಮಗಳು ಫೋನ್ ತೆಗೆದು ‘ನವೆಂಬರ್’ ಅಂದಳು. ಬರೆಯುತ್ತಿದ್ದಾಕೆ ಪೆನ್ನು ಎತ್ತಿಬಿಟ್ಟರು. ಆ ಲೆಕ್ಕ ಬೇಡವಂತೆ, ಚಂದ್ರನ ಲೆಕ್ಕದ್ದು ಬೇಕಂತೆ.

ನನಗೆ ನಗು ಬಂತು. ಅದಾದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕಾರ್ತಿಕ ಶುದ್ಧ ದ್ವಾದಶಿ. ವರ್ಷವರ್ಷ ತಿಥಿ ಮಾಡಿದ ಮನೆಯವರು ನಾವು. ಬೆರಳು ಮಡಿಸಿದೆ. ಶ್ರಾವಣ 7, ಭಾದ್ರಪದ 8, ಆಶ್ವಯುಜ 9, ಕಾರ್ತಿಕ 10. ಅಮಾವಾಸ್ಯೆ ಕಳೆದು ತಿಂಗಳು ಹುಟ್ಟುವುದು ಅವರಲ್ಲೂ ಹಾಗೇ. ಶುದ್ಧ, ಬಹುಳ ಅಂತ ಅವರು ಒಡೆಯುವುದಿಲ್ಲ. 1ರಿಂದ 30ರವರೆಗೆ ಒಂದೇ ಎಣಿಕೆ. ಹಾಗಾಗಿ 10ನೇ ತಿಂಗಳ 12. ಕೈಬೆರಳಲ್ಲೇ ತೋರಿಸಿದೆ. ಆಕೆ ತಲೆ ಆಡಿಸಿ ಬರೆದುಕೊಂಡರು. ಅಷ್ಟು ದಿನದಲ್ಲಿ ಮಗಳ ನೆರವಿಲ್ಲದೆ ನಾನು ಮುಗಿಸಿದ ಮೊದಲ ವ್ಯವಹಾರ ಅದು.

ಅಧಿಕಮಾಸ ಬಂದ ವರ್ಷ ಈ ಲೆಕ್ಕ ಒಂದು ತಿಂಗಳು ಜಾರುತ್ತದೆ, ಹೇಳಿಬಿಡುತ್ತೇನೆ. 2025ರಲ್ಲಿ ಅವರಿಗೆ 6ನೇ ತಿಂಗಳು ಎರಡು ಸಲ ಬಂತು. ವೂ ಲಾನ್ ಸೆಪ್ಟೆಂಬರ್ 6ಕ್ಕೆ ಹೋಯಿತು. ನಮ್ಮ ಅನಂತನ ಚತುರ್ದಶಿ ಅವತ್ತೇ, ಅದರ ಬೆನ್ನಿಗೇ ಪಿತೃಪಕ್ಷ.

ಒಳಗೆ ಕೂತು ಕಾದೆ. ಹೆಸರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವರ ಭಾಷೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಏರಿಳಿತ. ನನ್ನ ಅಮ್ಮನದು 5 ಅಕ್ಷರದ ಹೆಸರು. ಸನ್ಯಾಸಿ ಒಂದು ಕ್ಷಣ ತಡೆದು, ಐದನ್ನೂ ಬಿಡಿಬಿಡಿಯಾಗಿ, ಐದು ಮೆಟ್ಟಿಲ ಮೇಲೆ ಒಂದೊಂದು ಚೆಂಬು ಇಟ್ಟ ಹಾಗೆ ಓದಿದರು. ಅಮ್ಮ ಕೇಳಿದ್ದರೆ ‘ಯಾರನ್ನ ಕರೀತಿದಾರೆ?’ ಅಂತಿದ್ದಳು. ನನಗೆ ಮಾತ್ರ ಮೊದಲ ಅಕ್ಷರಕ್ಕೇ ಗೊತ್ತಾಯಿತು.

ಇಷ್ಟಕ್ಕೂ ಈ ಹಬ್ಬದ ಹಿಂದಿರುವುದು ನಮ್ಮ ಕಡೆಯ ಕಥೆಯೇ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಧ್ಯಾನದಲ್ಲಿ ಸತ್ತ ತಾಯಿಯನ್ನು ಹುಡುಕುತ್ತಾನೆ. ಆಕೆ ಪ್ರೇತಲೋಕದಲ್ಲಿ ಹಸಿದು ಮೂಳೆ ಚಕ್ಕಳ ಆಗಿದ್ದಾಳೆ. ಬಟ್ಟಲಲ್ಲಿ ಅನ್ನ ಒಯ್ದು ಕೊಡುತ್ತಾನೆ. ಆಕೆ ಎಡಗೈಯಲ್ಲಿ ಬಟ್ಟಲು ಮುಚ್ಚಿಕೊಂಡು ಬಲಗೈಯಲ್ಲಿ ತುತ್ತು ಎತ್ತುತ್ತಾಳೆ. ಬೇರೆಯವರು ಕಿತ್ತುಕೊಂಡಾರು ಅಂತ. ಬಾಯಿಗೆ ಹೋಗುವ ಮೊದಲೇ ಅನ್ನ ಕೆಂಡವಾಗುತ್ತದೆ. ಆ ಎಡಗೈ ಇದೆಯಲ್ಲ, ಅದನ್ನು ಕಥೆಗೆ ಸೇರಿಸಿದವರು ಹಸಿವನ್ನು ಹತ್ತಿರದಿಂದ ಕಂಡವರೇ ಇರಬೇಕು. ‘ನಿನ್ನೊಬ್ಬನಿಂದ ಆಗದು’ ಅನ್ನುತ್ತಾನೆ ಬುದ್ಧ. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ಇದ್ದು ವ್ರತ ಮುಗಿಸಿದ ಭಿಕ್ಷುಗಳಿಗೆಲ್ಲ ಹುಣ್ಣಿಮೆಯ ದಿನ ಊಟ ಬಡಿಸು, ಅವರೆಲ್ಲರ ಪುಣ್ಯದಿಂದ ತಾಯಿ ಪಾರಾಗುತ್ತಾಳೆ. ಉಲ್ಲಂಬನ ಅನ್ನುವ ಹೆಸರಿನ ಈ ಕಥೆ ಚೀನೀ ಭಾಷೆಯ ಸೂತ್ರವಾಗಿ ಅಲ್ಲಿಗೆ ಹೋಯಿತು. ಉಲ್ಲಂಬನ ಸವೆದೂ ಸವೆದೂ ವೂ ಲಾನ್ ಆಯಿತು. ಆ ಮೌದ್ಗಲ್ಯಾಯನನದೇ ಅಂತ ನಂಬುವ ಅಸ್ಥಿ 1851ರಲ್ಲಿ ಸಾಂಚಿಯ ಹತ್ತಿರ ಸಿಕ್ಕಿತು. ಲಂಡನ್ನಿಗೆ ಹೋಗಿ, ತಿರುಗಿ ಬಂದು, 1952ರಿಂದ ಸಾಂಚಿಯಲ್ಲೇ ಇದೆ.

ಮಂತ್ರ ಮುಗಿದ ಮೇಲೆ ಹುಡುಗ ಹುಡುಗಿಯರು ಬುಟ್ಟಿ ಹಿಡಿದು ಸಾಲಿನ ನಡುವೆ ಬಂದರು. ಬುಟ್ಟಿಯಲ್ಲಿ ಎರಡು ಬಣ್ಣದ ಗುಲಾಬಿ. ತಾಯಿ ಬದುಕಿದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ಹದಿನಾರು ಹದಿನೇಳರ ಒಬ್ಬಳು ನನ್ನ ಮುಂದೆ ಮಂಡಿಯೂರಿ ಮೆತ್ತಗೆ ಏನೋ ಕೇಳಿದಳು. ‘ನಿಮ್ಮ ಅಮ್ಮ ಇದ್ದಾರಾ ಅಂತ’ ಅಂದಳು ಮಗಳು. ತಲೆ ಅಲ್ಲಾಡಿಸಿದೆ. ಹುಡುಗಿ ಬಿಳಿ ಗುಲಾಬಿ ತೆಗೆದು ಸೀರೆಯ ಸೆರಗಿಗೆ ಚುಚ್ಚಲು ಹೋದಳು. ಸೆರಗು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ಅವಳಿಗೆ ತಿಳಿಯಲಿಲ್ಲ. ಕೊನೆಗೆ ನಾನೇ ಭುಜದ ಮೇಲೆ ಪಿನ್ನು ಹಾಕಿಕೊಂಡೆ.

ಆಮೇಲೆ ಅವಳು ನನ್ನ ಮಗಳ ಕಡೆ ತಿರುಗಿದಳು. ಕೇಳಲಿಲ್ಲ. ಒಮ್ಮೆ ನನ್ನನ್ನು ನೋಡಿ ಕೆಂಪು ತೆಗೆದಳು.

ಅದು ನನಗೆ ಆವರೆಗೆ ತಲೆಗೆ ಹೋಗಿರಲಿಲ್ಲ ನೋಡಿ. ಅವಳ ಕೆಂಪು ಹೂವಿಗೆ ಕಾರಣ ನಾನು. ನಾನು ಇರುವ ತನಕ ಆ ಹೂವು ಕೆಂಪು. ಮಗಳಿಗೂ ಅದೇ ಹೊಳೆದಿರಬೇಕು. ನನ್ನ ಭುಜದ ಕಡೆ ನೋಡಿ ತಟ್ಟನೆ ಬೇರೆ ಕಡೆ ತಿರುಗಿದಳು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಇವತ್ತಿಗೂ ಆಡಿಲ್ಲ.

ಸಾಲಿನ ಆಚೆ ತುದಿಯಲ್ಲಿ ಗಂಡಸರು. ಎದುರುಮನೆಯವರನ್ನು ಹುಡುಕಿದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನ ಮೇಲೆ ಕೆಂಪು ಗುಲಾಬಿ! 72 ವರ್ಷದವರಿಗೆ. ಅಕ್ಕಪಕ್ಕದ ಅವರ ವಯಸ್ಸಿನವರದೆಲ್ಲ ಬಿಳಿ. ಸ್ಕೂಲಿನಲ್ಲಿ ಬಹುಮಾನ ಬಂದ ಹುಡುಗನ ಹಾಗೆ ಎದೆ ಸೆಟೆಸಿಕೊಂಡು ಕೂತಿದ್ದರು. ಅವರ ತಾಯಿಗೆ 94.

ಈ ಗುಲಾಬಿ ಪದ್ಧತಿ ಸಾವಿರಾರು ವರ್ಷದ್ದು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. 1962ರದ್ದು. ಥಿಕ್ ನಾತ್ ಹಾನ್ ಅನ್ನುವ ಸನ್ಯಾಸಿ ಆ ವರ್ಷ ತಾಯಿಯ ಬಗ್ಗೆ ಒಂದು ಸಣ್ಣ ಬರಹ ಬರೆದರು. ಅದಕ್ಕೂ ಮೊದಲು ಅವರು ಜಪಾನಿಗೆ ಹೋಗಿದ್ದಾಗ, ತಾಯಂದಿರ ದಿನ ಯಾರೋ ಅವರ ನಿಲುವಂಗಿಗೆ ಬಿಳಿ ಹೂವು ಚುಚ್ಚಿದ್ದರು. ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ತಾಯಿ ಇಲ್ಲದವರಿಗೆ ಬಿಳಿ ಅಂತ ಆಮೇಲೆ ತಿಳಿಯಿತು. ಅದನ್ನೇ ಬರೆದರು. ಸೈಗಾನಿನ ವಿದ್ಯಾರ್ಥಿಗಳು ಆ ಬರಹವನ್ನು ಕೈಯಲ್ಲೇ ನಕಲು ಮಾಡಿ ಗೆಳೆಯರಿಗೆ ಹಂಚಿದರು. ವೂ ಲಾನ್ ದಿನ ಗುಡಿಗಳಲ್ಲಿ ಹೂವು ಚುಚ್ಚುವುದು ಶುರುವಾಯಿತು. ಒಬ್ಬರ ಜೀವಮಾನದಲ್ಲೇ ಒಂದು ಪದ್ಧತಿ ಹುಟ್ಟಿ, ಹಳೆಯದಾಗಿ, ‘ಮೊದಲಿಂದ ಹೀಗೇ’ ಅನ್ನಿಸಿಕೊಂಡಿತು. ಯುದ್ಧದ ಕಾಲದಲ್ಲಿ, 1966ರಲ್ಲಿ, ಅವರು ದೇಶ ಬಿಟ್ಟಿರಬೇಕಾಯಿತು. ಮತ್ತೆ ಕಾಲಿಡಲು ಸಿಕ್ಕಿದ್ದು 2005ರಲ್ಲಿ. ಕೊನೆಗಾಲಕ್ಕೆ ತಾವು 16ನೇ ವಯಸ್ಸಿನಲ್ಲಿ ಸೇರಿದ್ದ ಗುಡಿಗೇ ಬಂದು, 2022ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಆ ಗುಡಿಯನ್ನು ನೋಡಲೇಬೇಕು ಅಂತ ಹಟ ಹಿಡಿದು, ಮುಂದಿನ ವಾರ ಮಗಳನ್ನು ಹ್ವೆ ಊರಿಗೆ ಹೊರಡಿಸಿದೆ. ಹ್ವೆ ಅಂದರೆ ಹಳೇ ರಾಜಧಾನಿ, ನ್ಗುಯೆನ್ ಅರಸರದ್ದು. ಊರಾಚೆ ಪೈನ್ ಮರಗಳ ನಡುವೆ ಇದೆ ತೂ ಹ್ಯೂ ಪಗೋಡಾ. ಬಾಗಿಲು ದಾಟಿದರೆ ಅರ್ಧಚಂದ್ರದ ಕೊಳ, ಕೊಳದಲ್ಲಿ ಮೀನು. ತೂ ಅಂದರೆ ಕರುಣೆ. ಹ್ಯೂ ಅಂದರೆ ಹೆತ್ತವರ ಸೇವೆ.

ಹೆಸರಿಗೆ ಒಂದು ಕಥೆ ಇದೆ. 1843ರಲ್ಲಿ ನ್ಹಾತ್ ದಿನ್ ಅನ್ನುವ ಹಿರಿಯ ಸನ್ಯಾಸಿ ಅರಮನೆಯ ಗುಡಿಯ ಕೆಲಸ ಬಿಟ್ಟು, 80 ವರ್ಷದ ತಾಯಿಯನ್ನು ಕರೆದುಕೊಂಡು ಬಂದು ಇಲ್ಲಿ ಹುಲ್ಲಿನ ಗುಡಿಸಲು ಹಾಕಿದರಂತೆ. ತಾಯಿಗೆ ಕಾಯಿಲೆ ಬಂತು. ಮೀನು ಕೊಟ್ಟರೆ ಚೇತರಿಸಿಕೊಂಡಾರು ಅಂದರು. ಸನ್ಯಾಸಿ ಪೇಟೆಗೆ ನಡೆದುಹೋಗಿ ಮೀನು ಕೊಂಡು, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಬಂದು ಗಂಜಿ ಮಾಡಿ ಕುಡಿಸಿದರು. ಊರು ಸುಮ್ನೆ ಇರುತ್ತಾ? ಸನ್ಯಾಸಿ ಮೀನು ತಿನ್ನುತ್ತಾನೆ ಅಂತ ಸುದ್ದಿ ಆಯಿತು. ಅರಸ ತು ದುಕ್ ಆಳು ಕಳಿಸಿ ವಿಚಾರಿಸಿದ. ಮೀನು ಯಾರಿಗೆ ಅಂತ ತಿಳಿಯಿತು. ಆ ಅರಸನಿಗೂ ತಾಯಿ ಅಂದರೆ ಪ್ರಾಣ. ಸನ್ಯಾಸಿ ತೀರಿಹೋದ ಮೇಲೆ, 1848ರಲ್ಲಿ ಅಲ್ಲಿ ಗುಡಿ ಎದ್ದಾಗ ಈ ಹೆಸರು ಕೊಟ್ಟವನು ಅವನೇ.

ಆ ಗುಡಿ ಕಟ್ಟಲು ದುಡ್ಡು ಕೊಟ್ಟವರು ಯಾರು ಗೊತ್ತಾ? ಅರಮನೆಯ ನಪುಂಸಕ ಸೇವಕರು. ಅಂತಃಪುರದ ಕಾವಲಿಗೆ ಇದ್ದವರು. ಮಕ್ಕಳಿಲ್ಲ. ಸತ್ತರೆ ಎಡೆ ಇಡುವವರು ಯಾರು? ಅದಕ್ಕೇ ಕೂಡಿಟ್ಟಿದ್ದನ್ನು ಗುಡಿಗೆ ಕೊಟ್ಟು, ನಮಗೂ ಇಲ್ಲೇ ಒಂದಿಷ್ಟು ಜಾಗ ಕೊಡಿ, ನಮ್ಮ ಹೆಸರಲ್ಲೂ ದೀಪ ಹಚ್ಚಿ ಅಂದರು. ಪಕ್ಕದಲ್ಲಿ ಗೋಡೆ ಕಟ್ಟಿದ ಅಂಗಳದಲ್ಲಿ ಅವರ ಸಮಾಧಿಗಳಿವೆ. ಇಪ್ಪತ್ತಕ್ಕೂ ಜಾಸ್ತಿ. ಪಾಚಿ ಹಿಡಿದಿವೆ. ಒಂದೆರಡರ ಮುಂದೆ ಯಾರೋ ಊದುಬತ್ತಿ ಸಿಕ್ಕಿಸಿ ಹೋಗಿದ್ದರು, ಕಡ್ಡಿ ಮಾತ್ರ ಉಳಿದಿತ್ತು. ಇಡೀ ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ.

ಮತ್ತೆ ಹಬ್ಬದ ದಿನಕ್ಕೇ ಬರುತ್ತೇನೆ. ಮಧ್ಯಾಹ್ನ ಗುಡಿಯಲ್ಲೇ ಊಟ. ಶುದ್ಧ ಸಸ್ಯಾಹಾರ. ಅದಕ್ಕೆ ಅವರ ಮಾತು ‘ಆನ್ ಚೈ’. ಚೈ ಅಂದರೆ ಟೀ ಅಂದುಕೊಂಡು ನಾನು ಒಂದು ವಾರ ಬೇಡ ಬೇಡ ಅಂತ ಕೈ ಆಡಿಸಿ ಒಳ್ಳೊಳ್ಳೆ ಊಟ ಕಳೆದುಕೊಂಡಿದ್ದೆ! ಸೋಯಾ ಗಿಣ್ಣು, ಅಣಬೆ, ಎಳೆ ಹಲಸಿನಕಾಯಿ. ಹಲಸಿನಕಾಯಿ ಪಲ್ಯ ನಮ್ಮ ಕಡೆಯ ಹದಕ್ಕೆ ಬಲು ಹತ್ತಿರ, ಒಗ್ಗರಣೆ ಒಂದು ಇಲ್ಲ.

ಗೇಟಿನ ಹೊರಗೆ ಪಂಜರದಲ್ಲಿ ಗುಬ್ಬಚ್ಚಿ ಮಾರುತ್ತಿದ್ದರು. ಕೊಂಡು ಹಾರಿಬಿಟ್ಟರೆ ಪುಣ್ಯವಂತೆ. ಬಿಡಲಿಕ್ಕೆಂದೇ ಹಿಡಿದು ತಂದ ಹಕ್ಕಿಗಳು. ನನಗೆ ಅದು ಹಿಡಿಸಲಿಲ್ಲ. ಕಾಗದದ ದುಡ್ಡು, ಕಾಗದದ ಸ್ಕೂಟರು, ಕಾಗದದ ಮನೆ ಸುಟ್ಟು ಸತ್ತವರಿಗೆ ಕಳಿಸುವುದೂ ಉಂಟು. ಗುಡಿಗಳಲ್ಲಿ ಇದನ್ನು ಬಿಡಿ ಅಂತ 2018ರಲ್ಲಿ ಅಲ್ಲಿನ ಬೌದ್ಧ ಸಂಘವೇ ಹೇಳಿತು. ಮನೆಗಳ ಮುಂದೆ ಹೊಗೆ ನಿಂತಿಲ್ಲ.

ಸಂಜೆ ಓಣಿಯಲ್ಲಿ ಮನೆಮನೆಯ ಮುಂದೆ ಒಂದೊಂದು ತಟ್ಟೆ ಬಂತು. ಇದು ಮನೆಯ ಹಿರಿಯರಿಗಲ್ಲ, ಹಿರಿಯರದ್ದು ಒಳಗೆ ಪೀಠದ ಮೇಲೆ ಆಗಿರುತ್ತದೆ. ಹೊರಗಿಡುವುದು ‘ಕೋ ಹೋನ್’ಗೆ. ದಿಕ್ಕಿಲ್ಲದ ಆತ್ಮಗಳಿಗೆ. ಯುದ್ಧದಲ್ಲಿ ಸತ್ತವರು, ಸಮುದ್ರದಲ್ಲಿ ಹೋದವರು, ಹೆಸರು ಹಿಡಿದು ಕರೆಯುವವರಿಲ್ಲದವರು. ತೆಳ್ಳನೆಯ ಅಕ್ಕಿ ಗಂಜಿ ಇಡುತ್ತಾರೆ, ಯಾಕೆಂದರೆ ಪ್ರೇತಗಳ ಗಂಟಲು ಸೂಜಿಯಷ್ಟು ಸಣ್ಣವಂತೆ. ಜೊತೆಗೆ ಉಪ್ಪು, ಅಕ್ಕಿ, ಗೆಣಸು, ಕಬ್ಬಿನ ತುಂಡು, ಮಿಠಾಯಿ, ಚಿಲ್ಲರೆ ನೋಟು. ಓಣಿಯ ಹುಡುಗರು ಗೋಡೆಗೆ ಒರಗಿ ಕಾಯುತ್ತಿದ್ದರು. ಊದುಬತ್ತಿ ಮುಗಿದದ್ದೇ ತಡ, ನುಗ್ಗಿ ಬಾಚಿಕೊಂಡರು. ಬಾಚಿಕೊಂಡರೆ ಮನೆಯವರಿಗೆ ಒಳ್ಳೆಯದಂತೆ, ಯಾರೂ ಬೈಯುವುದಿಲ್ಲ. ನಮ್ಮಲ್ಲಿ ಕಾಗೆಗೆ ಕಾಯುತ್ತೇವೆ, ಇಲ್ಲಿ ಕಾಗೆಗಳೇ ನಮಗೆ ಕಾಯುತ್ತವೆ ಅಂದೆ. ಮಗಳು ಅದನ್ನು ಎದುರುಮನೆಯವರಿಗೆ ಹೇಳಲು ಹೋಗಿ, ಕಾಗೆಯಿಂದ ಶುರು ಮಾಡಿ, ಶ್ರಾದ್ಧದವರೆಗೆ ವಿವರಿಸಬೇಕಾಯಿತು.

ಅವರು ಉಪ್ಪು ಅಕ್ಕಿಯನ್ನು ಬೀದಿಗೆ ಎರಚಿ, ಕೈ ತೊಳೆದು, ನಮ್ಮನ್ನು ಒಳಗೆ ಕರೆದರು. ಮಂಚದ ಮೇಲೆ ತಾಯಿ ಕೂತಿದ್ದರು, ಮಂಡಿ ಮೇಲೆ ಫ್ಯಾನಿನ ರಿಮೋಟು. ‘ಮಾ’ ಅಂತ ಕರೆದು ಇವರು ಹತ್ತಿರ ಹೋಗಿ ಬಗ್ಗಿದರು, ಜೇಬಿನ ಮೇಲಿನ ಹೂವು ಕಾಣುವ ಹಾಗೆ. ಬೆಳಗಿನಿಂದ ತೆಗೆದೇ ಇರಲಿಲ್ಲ. ಬಾಡಿತ್ತು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಬೆರಳಿನಿಂದ ಹೂವನ್ನು ಸರಿಸಿ ಅದರ ಹಿಂದೆ ನೋಡಿದರು. ಏನೋ ಅಂದರು. ಮನೆಯವರೆಲ್ಲ ನಕ್ಕರು.

‘ಏನಂತೆ?’ ಅಂದೆ ಮಗಳಿಗೆ.

‘ಹೊಸ ಶರ್ಟಿಗೆ ತೂತು ಮಾಡಿಸಿಕೊಂಡು ಬಂದಿದೀಯಲ್ಲೋ ಅಂತ.’