ಮೊದಲು ಕುಡಿಮೀಸೆ ನೋಡಿರಿ

ಕೇಳುಗ ಬಾಂಧವರೇ, ನಮಸ್ಕಾರ. ಜೋಳದ ಹೊಲದಲ್ಲಿ ಜಿಗಿಯುವ ಮಿಡತೆಯೂ ರಾತ್ರಿ ಅಡುಗೆಮನೆಯ ಮೂಲೆಯಲ್ಲಿ ಕಿರ್ರೆನ್ನುವ ಚಿಮ್ಮಂಡೆಯೂ ಒಂದೇ ಗಣಕ್ಕೆ ಸೇರಿದ ಕೀಟಗಳು. ಆ ಗಣಕ್ಕೆ ಆರ್ಥೋಪ್ಟೆರಾ ಎಂದು ಹೆಸರು; ಗ್ರೀಕ್ ಭಾಷೆಯಲ್ಲಿ ‘ನೇರ ರೆಕ್ಕೆಯವು’ ಎಂದು ಅದರ ಅರ್ಥ. ಜಗತ್ತಿನಲ್ಲಿ ಇವುಗಳ 20,000ಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಉಪಗಣಗಳು ಎರಡೇ, ಮತ್ತು ಅವೆರಡನ್ನು ಬೇರ್ಪಡಿಸಲು ಕುಡಿಮೀಸೆಯನ್ನು, ಅಂದರೆ ತಲೆಯಿಂದ ಚಾಚಿದ ಸ್ಪರ್ಶಾಂಗವನ್ನು, ನೋಡಿದರೆ ಸಾಕು. ಮೀಸೆ ಗಿಡ್ಡವಾಗಿ ದಪ್ಪಗಿದ್ದರೆ ಮಿಡತೆಯ ಬಳಗ, ಅಂದರೆ ಸೀಲಿಫೆರಾ. ಕೂದಲೆಳೆಯಂತೆ ನೀಳವಾಗಿದ್ದರೆ ಚಿಮ್ಮಂಡೆಯ ಬಳಗ, ಅಂದರೆ ಎನ್ಸಿಫೆರಾ. ದಯವಿಟ್ಟು ಬಣ್ಣವನ್ನು ನಂಬಬೇಡಿರಿ.

ಕೆಲವು ವರ್ಷಗಳ ಹಿಂದೆ ನವಲಗುಂದದ ಕಡೆಯ ಹಿರಿಯ ರೈತರೊಬ್ಬರು ಸ್ಟೀಲಿನ ಡಬ್ಬಿಯಲ್ಲಿ ಎರಡು ಹಸಿರು ಹುಳಗಳನ್ನು ಹಿಡಿದು ತಂದಿದ್ದರು. “ಎರಡೂ ಒಂದ ಜಾತಿ ಮಿಡಚಿರಿ, ಇದರ ಬಾಲದಾಗ ಮುಳ್ಳೈತಿ, ಕಡೀತೈತೇನ್ರಿ?” ಎಂದು ಕೇಳಿದರು. ನಾನು ಬಾಲವನ್ನು ಬಿಟ್ಟು ಮೀಸೆಯನ್ನು ನೋಡಲು ಹೇಳಿದೆ. ಒಂದರ ಮೀಸೆ ಜೋಳದ ಕಾಳಿನಷ್ಟು ಗಿಡ್ಡ. ಇನ್ನೊಂದರದು ಡಬ್ಬಿಯ ಅಂಚನ್ನು ದಾಟಿ ಹೊರಗೆ ಚಾಚಿಕೊಂಡಿತ್ತು. ಆ ಮುಳ್ಳು ಕಡಿಯುವ ಅಂಗವಲ್ಲ, ತತ್ತಿ ಇಡಲೆಂದು ಹೆಣ್ಣಿಗಿರುವ ಕತ್ತಿಯಾಕಾರದ ನಳಿಕೆ ಎಂದು ತಿಳಿಸಿ, ಭೂತಗನ್ನಡಿಯನ್ನು ಅವರ ಕೈಗಿತ್ತೆ. ನೀಳ ಮೀಸೆಯ ಹುಳದ ಮುಂಗಾಲಿನ ಮೊಣಕಾಲ ಕೆಳಗೆ ಸಣ್ಣ ಸೀಳು ಕಂಡಿತು. ಅದೇ ಅದರ ಕಿವಿ ಎಂದಾಗ ಅವರು ಬಹಳ ಹೊತ್ತು ಕನ್ನಡಿಯನ್ನು ಕೆಳಗಿಡಲಿಲ್ಲ. “ಕಾಲಾಗ ಕಿವಿ!” ಎಂದು ಎರಡು ಸಲ ಹೇಳಿಕೊಂಡರು. ಗಿಡ್ಡ ಮೀಸೆಯ ಮಿಡತೆಗಾದರೆ ಕಿವಿ ಇರುವುದು ಹೊಟ್ಟೆಯ ಮೊದಲ ಖಂಡದ ಪಕ್ಕದಲ್ಲಿ. ಮೀಸೆ ಬದಲಾದಂತೆ ಕಿವಿಯ ಜಾಗವೂ ಬದಲಾಗುತ್ತದೆ, ದನಿ ಹೊರಡಿಸುವ ರೀತಿಯೂ ಬದಲಾಗುತ್ತದೆ: ಚಿಮ್ಮಂಡೆ ರೆಕ್ಕೆಗೆ ರೆಕ್ಕೆಯನ್ನು ತಿಕ್ಕಿದರೆ, ಹಲವು ಮಿಡತೆಗಳು ಹಿಂಗಾಲನ್ನು ರೆಕ್ಕೆಗೆ ತಿಕ್ಕುತ್ತವೆ.

ಈ ಮಾತು ಬೆಳೆದು ಸಮಯ ಕಡಿಮೆಯಾಯಿತು. ಆದರೂ ನಮ್ಮ ಜೋಳದ ಮಿಡತೆಯ ವಿಷಯವನ್ನು ಹೇಳಲೇಬೇಕು. ಹಾರಲು ರೆಕ್ಕೆಯೇ ಇಲ್ಲದ ಈ ಕೀಟಕ್ಕೆ 1910ರಲ್ಲಿ ‘ಕೋಲ್ಮೇನಿಯಾ’ ಎಂಬ ಹೆಸರು ಬಂದದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರ ಹೆಸರಿನಿಂದ. ರೆಕ್ಕೆ ಇಲ್ಲವೆಂದು ಇದನ್ನು ಗಣದಿಂದ ಹೊರಗಿಡುವಂತಿಲ್ಲ. ಗಿಡ್ಡ ಮೀಸೆಯೇ ಇದರ ಬಳಗವನ್ನು ಹೇಳುತ್ತದೆ. ಇದು ಎರೆ ಮಣ್ಣಿನೊಳಗೆ ತತ್ತಿಗಳ ಗೊಂಚಲಿಡುತ್ತದೆ, ಮುಂಗಾರಿನ ಮಳೆಗೆ ಮರಿಗಳು ಹೊರಬರುತ್ತವೆ. ಸುಗ್ಗಿ ಮುಗಿದ ಕೂಡಲೇ ಆಳವಾಗಿ ನೇಗಿಲು ಹೊಡೆದರೆ ತತ್ತಿಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕುತ್ತವೆ.

ಜಿರಲೆಯನ್ನು ಹಿಂದೆ ಇದೇ ಗಣದಲ್ಲಿ ಸೇರಿಸುತ್ತಿದ್ದರು, ಈಗ ಅದು ಬೇರೆ. ಇನ್ನು ಹಗಲು ಮರದಲ್ಲಿ ಕುಳಿತು ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆ ಚಿಮ್ಮಂಡೆಯ ನೆಂಟನಲ್ಲ. ಅದು ಹತ್ತಿಯ ರಸ ಹೀರುವ ಜಿಗಿಹುಳುವಿನ ಸಂಬಂಧಿ. ನಮಸ್ಕಾರ.