ಗೋಡೆ ಕಡೆ ತಿರುಗಿ ಮಲಗಿದವರು

ಎಲ್ಲರಿಗೂ ನಮಸ್ಕಾರ. ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಸಿಸ್ಟರ್‌ಗಳೂ ಇದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಹೃದಯದ ಕಾಯಿಲೆ ಇರುವವರಲ್ಲಿ ಖಿನ್ನತೆಯನ್ನು ನಾವು ನರ್ಸ್‌ಗಳು ಗುರುತಿಸುವುದು ಹೇಗೆ, ಅದನ್ನು ಕಲಿಯುವುದು ಹೇಗೆ, ಇಷ್ಟೇ ಇವತ್ತಿನ ವಿಷಯ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಎಷ್ಟೋ ವರ್ಷಗಳ ಹಿಂದಿನ ಮಾತು. ನಮ್ಮ ವಾರ್ಡ್‌ನಲ್ಲಿ ಐವತ್ತರ ಆಸುಪಾಸಿನ ಒಬ್ಬ ರೈತರು ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದರು. ಯಾವಾಗ ನೋಡಿದರೂ ಗೋಡೆ ಕಡೆ ಮುಖ. ಬೆಲ್ ಒತ್ತುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಊಟದ ತಟ್ಟೆ ಹೇಗೆ ಬಂತೋ ಹಾಗೇ ವಾಪಸ್ ಹೋಗುತ್ತಿತ್ತು. ಮುಂದಿನ ಶಿಫ್ಟ್‌ನವರಿಗೆ ಹ್ಯಾಂಡೋವರ್ ಕೊಡುವಾಗ ನಾನು, "ಒಳ್ಳೇ ಪೇಷಂಟ್, ಏನೂ ತೊಂದರೆ ಕೊಡಲ್ಲ" ಅಂದೆ. ನೋಟ್ಸ್‌ನಲ್ಲಿ 'ಪೇಷಂಟ್ ಕಂಫರ್ಟಬಲ್' ಎಂದು ಬರೆದೆ.

ಐದನೇ ವಾರಕ್ಕೆ ಅವರು ಎದೆನೋವು ಅಂತ ಮತ್ತೆ ಬಂದರು. ಅವರ ಹೆಂಡತಿ ಕೈಚೀಲದಿಂದ ಮಾತ್ರೆ ಶೀಟ್‌ಗಳನ್ನು ತೆಗೆದು ನನ್ನ ಕೈಗಿಟ್ಟರು. ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟಿದ್ದ ಮಾತ್ರೆ. ಅದರಲ್ಲಿ ನಾಲ್ಕೇ ನಾಲ್ಕು ಖಾಲಿಯಾಗಿದ್ದವು. "ತಗೊಂಡು ಏನಾಗಬೇಕು ಅಂತಾರೆ ಸಿಸ್ಟರ್" ಎಂದರು ಆಯಮ್ಮ. ಪುಣ್ಯಕ್ಕೆ ಅವರು ಉಳಿದುಕೊಂಡರು. ಆದರೆ ಆ ಶೀಟ್ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆ ಮನುಷ್ಯ ಐದು ವಾರ ಮೊದಲೇ ಗೋಡೆ ಕಡೆ ತಿರುಗಿ ಎಲ್ಲವನ್ನೂ ಹೇಳಿದ್ದರು, ನನಗೆ ತಿಳಿಯಲಿಲ್ಲ.

ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐವರಿಗೆ ಒಬ್ಬರು ಚಿಕಿತ್ಸೆ ಬೇಕಾಗುವಂಥ ಖಿನ್ನತೆಗೆ ಸಿಕ್ಕಿರುತ್ತಾರೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಟ್ಯಾಕ್ ಆದ 222 ಜನರನ್ನು ಆರು ತಿಂಗಳು ಗಮನಿಸಿದರು. ಖಿನ್ನತೆ ಇದ್ದವರಲ್ಲಿ ಸಾವು ಜಾಸ್ತಿ ಇತ್ತು. ಹೃದಯ ಎಷ್ಟು ಹಾಳಾಗಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. 2008ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಹೃದಯ ರೋಗಿಗಳಲ್ಲಿ ಖಿನ್ನತೆ ಇದೆಯಾ ಎಂದು ಕೇಳಿ ನೋಡಿ ಎಂದು ಸಲಹೆ ಕೊಟ್ಟಿತು. ಕಾರಣ ಒಂದೇ ಅಲ್ಲ. ಮಾತ್ರೆ ತಪ್ಪುತ್ತದೆ, ವಾಕಿಂಗ್ ನಿಲ್ಲುತ್ತದೆ, ಬಿಟ್ಟ ಬೀಡಿ ಮತ್ತೆ ಕೈಗೆ ಬರುತ್ತದೆ. ದೇಹದ ಒಳಗೂ ಒತ್ತಡದ ಹಾರ್ಮೋನ್, ರಕ್ತ ಹೆಪ್ಪುಗಟ್ಟುವ ರೀತಿ ಎಲ್ಲವೂ ಏರುಪೇರಾಗುತ್ತವೆ.

ನಾವೇ ಯಾಕೆ ಗುರುತಿಸಬೇಕು? ಡಾಕ್ಟರ್ ರೌಂಡ್ಸ್ ಒಂದು ಮಂಚದ ಹತ್ತಿರ ಎರಡು ಮೂರು ನಿಮಿಷ. ಬೆಳಗಿನ ಜಾವ ನಾಲ್ಕಕ್ಕೆ ಬಿಪಿ ನೋಡಲು ಹೋದಾಗ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗಿರುವವರನ್ನು ಕಾಣುವುದು ನಾವು.

ಕಷ್ಟ ಇರುವುದು ಇಲ್ಲೇ. ಸುಸ್ತು, ನಿದ್ದೆ ಇಲ್ಲ, ಊಟ ಸೇರಲ್ಲ. ಇವೆಲ್ಲ ಹಾರ್ಟ್ ಕಾಯಿಲೆಯಲ್ಲೂ ಇರುತ್ತವೆ, ಖಿನ್ನತೆಯಲ್ಲೂ ಇರುತ್ತವೆ. ಹಾಗಾಗಿ "ನಿದ್ದೆ ಬಂತಾ?" ಎಂದು ಕೇಳಿ ಮುಂದಿನ ಮಂಚಕ್ಕೆ ಹೋಗಬೇಡಿ. "ಯಾಕೆ ಎಚ್ಚರ ಆಯ್ತು?" ಎಂದು ಕೇಳಿ. "ಅಂಗಾತ ಮಲಗಿದರೆ ಉಸಿರು ಕಟ್ಟುತ್ತೆ, ಎರಡು ದಿಂಬು ಬೇಕು" ಎಂದರೆ ಹೃದಯದ ಕಡೆ ನೋಡಬೇಕು. "ಉಸಿರು ಸರಿಯಾಗಿದೆ, ಏನೇನೋ ಯೋಚನೆ" ಎಂದರೆ ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ಎರಡೂ ಒಟ್ಟಿಗೇ ಇರಬಹುದು, ಅದೂ ನೆನಪಿರಲಿ. ದೇಹದ ಲಕ್ಷಣಕ್ಕಿಂತ ಮನಸ್ಸಿನದು ಜಾಸ್ತಿ ದಾರಿ ತೋರಿಸುತ್ತದೆ. ಮೊಮ್ಮಗಳು ಫೋನ್ ಮಾಡಿದರೂ ಮುಖ ಅರಳುವುದಿಲ್ಲ. "ನನ್ನಿಂದ ಮನೆಯವರಿಗೆ ಸುಮ್ನೆ ಖರ್ಚು" ಎನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ಇನ್ನು ಭಾಷೆ. ಖಿನ್ನತೆ ಎನ್ನುವ ಪದ ನಮ್ಮ ಪುಸ್ತಕದಲ್ಲಿದೆ. ಪೇಷಂಟ್ ಬಾಯಲ್ಲಿ ಅದನ್ನು ನಾನು ಕೇಳಿದ್ದು ತೀರಾ ಕಡಿಮೆ. ಅವರು ಬೇಜಾರು ಅಂತಾರೆ, ಯಾವುದಕ್ಕೂ ಮನಸ್ಸಿಲ್ಲ ಅಂತಾರೆ, ಎದೆ ಭಾರ ಅಂತಾರೆ. ಈ 'ಎದೆ ಭಾರ' ಕೇಳಿದಾಗ ಮೊದಲು ಇಸಿಜಿ ತೆಗೆಸಲೇಬೇಕು. ಆದರೆ ಇಸಿಜಿ ಸರಿಯಾಗಿದೆ ಅಂದಮೇಲೆ "ಏನಿಲ್ಲ ಬಿಡಿ" ಎಂದು ಅಲ್ಲಿಗೇ ಬಿಡಬಾರದು.

ಕೇಳಬೇಕಾದ ಪ್ರಶ್ನೆ ಮೊದಲಿಗೆ ಎರಡೇ. ನಮ್ಮ ಮಾತಿನಲ್ಲಿ ಹೀಗೆ ಕೇಳಬಹುದು: "ಈ ಎರಡು ವಾರದಲ್ಲಿ ಯಾವ ಕೆಲಸಕ್ಕೂ ಮನಸ್ಸು ಬರಲ್ಲ, ಯಾವುದರಲ್ಲೂ ಖುಷಿ ಇಲ್ಲ ಅನ್ನಿಸಿದ್ದುಂಟಾ?" "ತುಂಬಾ ಬೇಜಾರು, ಮುಂದೆ ಏನೂ ಇಲ್ಲ ಅನ್ನಿಸಿದ್ದುಂಟಾ?" ಹೌದು ಎಂದರೆ ಪಿಎಚ್‌ಕ್ಯೂ-9 ಎನ್ನುವ ಒಂಬತ್ತು ಪ್ರಶ್ನೆಗಳ ಹಾಳೆ ತೆಗೆಯಿರಿ. ಅದು ಕನ್ನಡದಲ್ಲೂ ಇದೆ. ಒಟ್ಟು 27 ಅಂಕ. 10 ಅಥವಾ ಜಾಸ್ತಿ ಬಂದರೆ ಡಾಕ್ಟರ್‌ಗೆ ಹೇಳಲೇಬೇಕು. ರೋಗ ಇದೆ ಎಂದು ತೀರ್ಮಾನ ಮಾಡುವುದು ಅವರು. ಹುಡುಕಿಕೊಡುವುದು ನಮ್ಮ ಕೆಲಸ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅದನ್ನು ಕೇಳಲು ಎಲ್ಲರಿಗೂ ನಾಲಿಗೆ ತಡವರಿಸುತ್ತದೆ. ನಾವೇ ತಲೆಗೆ ಹಾಕಿದ ಹಾಗಾಗುತ್ತದೋ ಎಂಬ ಭಯ. ಹಾಗಾಗುವುದಿಲ್ಲ. ಕೇಳಿದಾಗ ಎಷ್ಟೋ ಜನ ಅಬ್ಬಾ ಎಂದು ಉಸಿರು ಬಿಡುತ್ತಾರೆ. ಉತ್ತರ ಹೌದು ಎಂದು ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವರನ್ನು ಒಬ್ಬರೇ ಬಿಡಬೇಡಿ, ಆಗಲೇ ಡಾಕ್ಟರ್‌ಗೆ ತಿಳಿಸಿ.

ಇನ್ನೊಂದು ಸಣ್ಣ ವಿಷಯ, ಆದರೆ ಇಡೀ ಕೆಲಸ ಕೆಡುವುದು ಇಲ್ಲೇ. ಮನೆಯವರ ಮುಂದೆ ಕೇಳಬೇಡಿ. ಅಮ್ಮನನ್ನು ಕೇಳಿದರೆ ಮಗ ಉತ್ತರ ಹೇಳುತ್ತಾನೆ, "ಅವರು ಆರಾಮಾಗಿದ್ದಾರೆ ಮೇಡಂ". ಅವನನ್ನು ಮಾತ್ರೆ ತರಲು ಕಳಿಸಿ. ಸ್ಕ್ರೀನ್ ಎಳೆಯಿರಿ. ಆಮೇಲೆ ಕೇಳಿ.

ಕೇಳಿದ ಮೇಲೆ ಮುಂದಿನ ದಾರಿ ಇರಬೇಕು, ಅಲ್ವಾ? ಥೈರಾಯ್ಡ್ ಕಡಿಮೆಯಾದರೂ ಹೀಗೇ ಮಂಕು ಹಿಡಿಯುತ್ತದೆ. ಹೃದಯದ ಬಡಿತ ಸರಿಪಡಿಸಲು ಕೊಡುವ ಅಮಿಯೋಡರೋನ್ ಥೈರಾಯ್ಡ್ ಕೆಡಿಸಬಲ್ಲದು. ಆ ಮಾತ್ರೆ ನಡೆಯುತ್ತಿದ್ದರೆ ನೆನಪು ಮಾಡಿ. ಖಿನ್ನತೆಗೆ ಔಷಧಿ ಇದೆ. ಸರ್ಟ್ರಲೀನ್ ಅಟ್ಯಾಕ್ ಆದವರಿಗೂ ಕೊಡಬಹುದಾದದ್ದು ಎಂದು 2002ರಲ್ಲೇ ಅಧ್ಯಯನ ತೋರಿಸಿದೆ. ಆಪ್ತಸಮಾಲೋಚನೆ ಇದೆ. ಡಿಸ್ಚಾರ್ಜ್ ಚೀಟಿಯ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಒಂದು ಮಾತು ಮುಚ್ಚಿಡಬಾರದು. ಅಮೆರಿಕದಲ್ಲಿ ಅಟ್ಯಾಕ್ ಆದ 2,481 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸೆಯಿಂದ ಖಿನ್ನತೆ ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ. ಹಾಗಾದರೆ ಯಾಕಿಷ್ಟು ಒದ್ದಾಟ ಎಂದು ಕೇಳಬಹುದು. ಎದ್ದು ಕೂತು ಒಂದು ತುತ್ತು ರುಚಿಯಾಗಿ ತಿನ್ನುವುದು, ಮಗಳ ಜೊತೆ ಮಾತಾಡುವುದು, ಇವೂ ಗುಣವಾಗುವುದರ ಲೆಕ್ಕಕ್ಕೇ ಸೇರಬೇಕು ಎಂದು ನಾನು ನಂಬಿದ್ದೇನೆ.

ಇದನ್ನೆಲ್ಲ ಕಲಿಸಬಹುದಾ? ನಮ್ಮ ಬಳ್ಳಾರಿಯೇ ಉತ್ತರ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರ್‌ಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯಲ್ಲಿ. ಆದರೆ ಕೂತು ಕೇಳಿದರೆ ಇದು ಬರುವುದಿಲ್ಲ. ಇಂಜೆಕ್ಷನ್ ಕೊಡುವುದನ್ನು ನಾವು ಸ್ಲೈಡ್ ನೋಡಿ ಕಲಿತೆವಾ? ಬಾಯಿಬಿಟ್ಟು ಕೇಳಿ ಕೇಳಿಯೇ ರೂಢಿಯಾಗಬೇಕು.

ಅದಕ್ಕೇ ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಈಗ ಕುರ್ಚಿ ಎದುರುಬದುರು ಹಾಕಿಕೊಳ್ಳಿ. ಒಬ್ಬರು ಪೇಷಂಟ್, ಒಬ್ಬರು ಸಿಸ್ಟರ್, ಇನ್ನೊಬ್ಬರು ಮಧ್ಯೆ ಬಾಯಿ ಹಾಕುವ ಮಗ. ಒಂಬತ್ತನೇ ಪ್ರಶ್ನೆಯಿಂದಲೇ ಶುರು ಮಾಡೋಣ.